ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ! – ಚಾರ್ಲ್ಸ್ ಕೆಟರಿಂಗ್ ಬದುಕು

ಕೀ ತಿರುಗಿಸ್ತೀರಿ. ಸೆಲ್ಫ್ ಕುಯ್ ಕುಯ್ ಕುಯ್ ಅಂತ ಚೆನ್ನಾಗೇ ತಿರುಗುತ್ತೆ. ಇಂಜಿನ್ ಮಾತ್ರ ಹಿಡಿಯಲ್ಲ. ಮಧುಗಿರಿಯಿಂದ ಐ.ಡಿ.ಹಳ್ಳಿ ಕಡೆಗೆ ಹೋಗೋ ರಸ್ತೇಲಿ ಒಂದು ಹಳೇ ಮಾರುತಿ 800 ಹೀಗೆ ಕೈಕೊಟ್ಟಿತು ಅಂದುಕೊಳ್ಳಿ. ಸುತ್ತ ಸೇರಿದ ನಾಲ್ಕು ಜನ ನಾಲ್ಕು ಮಾತು ಹೇಳ್ತಾರೆ. ಒಬ್ಬರು ಬ್ಯಾಟರಿ ಹೋಗಿದೆ ಅಂತಾರೆ, ಇನ್ನೊಬ್ಬರು ಪೆಟ್ರೋಲ್‌ನಲ್ಲಿ ನೀರು ಸೇರಿದೆ ಅಂತಾರೆ, ಮತ್ತೊಬ್ಬರು ಪ್ಲಗ್ ಬದಲಾಯಿಸಿ ನೋಡಿ ಅಂತಾರೆ. ನಾಲ್ಕನೆಯವರು ಸುಮ್ಮನೆ ತಳ್ಳೋಕೆ ಹಿಂದೆ ಹೋಗಿ ನಿಲ್ತಾರೆ.

ಆ ಕ್ಷಣದಲ್ಲಿ ಬಾನೆಟ್ ಕೆಳಗೆ ಎರಡು ಬೇರೆ ಬೇರೆ ಕೆಲಸ ನಡೀತಿರುತ್ತೆ. ಒಂದು, ಇಂಜಿನ್ನನ್ನು ತಿರುಗಿಸೋದು. ಇನ್ನೊಂದು, ಸಿಲಿಂಡರ್ ಒಳಗೆ ಸರಿಯಾದ ಹೊತ್ತಿಗೆ ಕಿಡಿ ಹಚ್ಚೋದು. ಮೊದಲನೆಯದು ಆಗ್ತಿದೆ, ಎರಡನೆಯದು ಆಗ್ತಿಲ್ಲ. ಇಲ್ಲವೇ ಕಿಡಿ ಬಂದರೂ ಅದಕ್ಕೆ ಉರಿಸೋಕೆ ಏನೂ ಸಿಗ್ತಿಲ್ಲ. ಈ ಎರಡೂ ಕೆಲಸಗಳನ್ನು ಒಂದೇ ಬ್ಯಾಟರಿಯ ಮೇಲೆ ತಂದು ಕೂರಿಸಿದ್ದು ಒಬ್ಬನೇ ಮನುಷ್ಯನ ತಂಡ. ಆ ಮನುಷ್ಯ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್. ಆಟೋಮೊಬೈಲ್ ಪುಸ್ತಕದಲ್ಲಿ ‘ಬ್ಯಾಟರಿ ಇಗ್ನಿಷನ್’ ಅಂತ ಎರಡು ಮಾರ್ಕ್ಸಿಗೆ ಓದಿ ಮರೆಯೋ ಪಾಠದ ಹಿಂದೆ ಅವರ ಬದುಕಿದೆ.

ಕಣ್ಣು ಕೈಕೊಟ್ಟ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಊರಿನ ಹತ್ತಿರದ ಒಂದು ಹೊಲಮನೆಯಲ್ಲಿ. ಐದು ಮಕ್ಕಳಲ್ಲಿ ನಾಲ್ಕನೆಯವರು. ರೈತರ ಮನೆ, ದನ-ಕರು, ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸೋ ಹುಚ್ಚು. ಆದರೆ ಚಿಕ್ಕಂದಿನಿಂದಲೇ ಕಣ್ಣು ಸರಿ ಇರಲಿಲ್ಲ. ಹೆಚ್ಚು ಹೊತ್ತು ಓದಿದರೆ ತಲೆ ಸಿಡಿಯೋದು.

ಹಳ್ಳಿ ಶಾಲೆಗಳಲ್ಲಿ ಕೆಲಕಾಲ ಮೇಷ್ಟ್ರಾಗಿದ್ದು ಆಮೇಲೆ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಇಂಜಿನಿಯರಿಂಗ್ ಓದಲು ಹೋದರು. ಕಣ್ಣು ಅಲ್ಲೂ ಬಿಡಲಿಲ್ಲ. ಓದು ನಡುವೆ ನಿಂತಿತು. ಮನೆಗೆ ಬಂದು ಕೂರದೆ ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಗ್ಯಾಂಗ್ ಸೇರಿಕೊಂಡರು. ಬಯಲಲ್ಲಿ ದುಡಿದು ಆರೋಗ್ಯ ಸುಧಾರಿಸಿತು, ಗ್ಯಾಂಗಿನ ಮೇಸ್ತ್ರಿಯೂ ಆದರು. ಮತ್ತೆ ಕಾಲೇಜಿಗೆ ಹೋದಾಗ ಗೆಳೆಯರು ಪಾಠ ಓದಿ ಹೇಳಿ ಸಹಾಯ ಮಾಡಿದರು. 1904ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಡಿಗ್ರಿ ಕೈಗೆ ಬಂದಾಗ ವಯಸ್ಸು 27. ಇಯರ್ ಬ್ಯಾಕ್ ಆಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತಿರೋ ನಮ್ಮ ಗೆಳೆಯರು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಗಲ್ಲಾಪೆಟ್ಟಿಗೆ ಕಲಿಸಿದ ಪಾಠ

ಮೊದಲ ಕೆಲಸ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಆಗ ಅಂಗಡಿಯ ಲೆಕ್ಕದ ಯಂತ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೊಂದು ಪುಟ್ಟ ಮೋಟರ್ ಕೂರಿಸಿ, ಗುಂಡಿ ಒತ್ತಿದರೆ ಗಲ್ಲಾ ತೆರೆಯುವಂತೆ ಮಾಡಿದ್ದು ಕೆಟರಿಂಗ್.

ಇಲ್ಲಿ ಅವರು ಕಲಿತ ಒಂದು ಸಂಗತಿ ಮುಂದೆ ಕಾರಿನ ಚರಿತ್ರೆಯನ್ನೇ ಬದಲಿಸಿತು. ನಮ್ಮ ಮಧುಗಿರಿ, ಶಿರಾ, ಪಾವಗಡ ಕಡೆಯವರಿಗೆ ಬೋರ್‌ವೆಲ್ ಉದಾಹರಣೆ ಸಾಕು. ಪಂಪಿನ ಮೋಟರ್ ಆನ್ ಮಾಡಿದ ಕ್ಷಣ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಆದರೂ ಕಾಯಿಲ್ ಸುಡಲ್ಲ, ಯಾಕಂದ್ರೆ ಅದು ಕ್ಷಣದ ಮಾತು. ಅದೇ ಮೋಟರ್ ಜಾಮ್ ಆಗಿ ನಿಂತು ಅಷ್ಟೇ ಕರೆಂಟ್ ಎಳೀತಾ ಇದ್ದರೆ ಸ್ವಲ್ಪ ಹೊತ್ತಲ್ಲೇ ಸುಟ್ಟು ವಾಸನೆ ಬರುತ್ತೆ. ಅಂದರೆ ಮೋಟರ್ ತಡೆದುಕೊಳ್ಳೋ ಶಕ್ತಿ ಅದರ ಗಾತ್ರದ ಮೇಲಷ್ಟೇ ಅಲ್ಲ, ಎಷ್ಟು ಹೊತ್ತು ದುಡಿಸ್ತೀರಿ ಅನ್ನೋದರ ಮೇಲೂ ನಿಂತಿದೆ. ಗಲ್ಲಾಪೆಟ್ಟಿಗೆಯ ಮೋಟರ್ ಕ್ಷಣ ಹೊತ್ತು ದುಡಿದರೆ ಸಾಕಿತ್ತು. ಹಾಗಾಗಿ ಅದು ಪುಟ್ಟದಾಗಿದ್ದರೂ ನಡೆಯಿತು.

ಕೊಟ್ಟಿಗೆಯಲ್ಲಿ ಹುಟ್ಟಿದ ಕಿಡಿ

ಕಂಪನಿಯಲ್ಲಿ ಅವರ ಹಿರಿಯ ಎಡ್ವರ್ಡ್ ಡೀಡ್ಸ್. ಡೀಡ್ಸ್ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. 1908ರ ಹೊತ್ತಿಗೆ ಕೆಟರಿಂಗ್ ಮತ್ತು ಕೆಲವು ಸಹೋದ್ಯೋಗಿಗಳು ರಾತ್ರಿ ಹೊತ್ತು, ರಜಾ ದಿನ ಅಲ್ಲಿ ಸೇರಿ ಕಾರಿನ ಇಗ್ನಿಷನ್ ಮೇಲೆ ಕೆಲಸ ಶುರು ಮಾಡಿದರು. ‘ಕೊಟ್ಟಿಗೆ ಗ್ಯಾಂಗ್’ ಅಂತಲೇ ಅವರಿಗೆ ಹೆಸರಾಯಿತು. 1909ರಲ್ಲಿ ಇದೇ ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಅಂದರೆ ‘ಡೆಲ್ಕೊ’ ಆಯಿತು.

ಆ ಕಾಲದಲ್ಲಿ ಕಿಡಿಗೆ ಎರಡು ದಾರಿ ಇದ್ದವು. ಒಂದು ಮ್ಯಾಗ್ನೆಟೊ. ಇಂಜಿನ್ ತಿರುಗಿದಾಗ ತಾನೇ ವಿದ್ಯುತ್ ಹುಟ್ಟಿಸಿಕೊಳ್ಳುವ ಸಾಧನ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಇದರಲ್ಲಿ ಹೆಸರುವಾಸಿ. ಇನ್ನೊಂದು, ಡ್ರೈ ಸೆಲ್ ಮತ್ತು ನಡುಗುವ ಕಾಯಿಲ್. ಇದು ಒಂದರ ಹಿಂದೊಂದು ಕಿಡಿಗಳ ಮಳೆ ಸುರಿಸಿ ಸೆಲ್‌ಗಳನ್ನು ಬೇಗ ಖಾಲಿ ಮಾಡ್ತಿತ್ತು. ಕೆಟರಿಂಗ್ ತಂಡ ಮಳೆಯ ಬದಲು ಸರಿಯಾದ ಹೊತ್ತಿಗೆ ಒಂದೇ ಒಂದು ಬಲವಾದ ಕಿಡಿ ಬರುವಂತೆ ಮಾಡಿತು.

ತತ್ವ ಸರಳ. ಬ್ಯಾಟರಿಯಿಂದ ಕಾಯಿಲ್‌ನ ಪ್ರೈಮರಿ ಸುತ್ತಿಗೆ ಕರೆಂಟ್ ಹರಿಯುತ್ತೆ, ಸುತ್ತ ಕಾಂತಕ್ಷೇತ್ರ ಬೆಳೆಯುತ್ತೆ. ಪಾಯಿಂಟ್ ತೆರೆದ ಕ್ಷಣ ಕರೆಂಟ್ ಕಡಿದುಹೋಗುತ್ತೆ, ಕಾಂತಕ್ಷೇತ್ರ ಕುಸಿಯುತ್ತೆ, ಸಾವಿರಾರು ಸುತ್ತಿನ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರುತ್ತೆ. ನಮ್ಮ ರಸ್ತೆಗಳ ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಯಿಲ್, ಸಿ.ಬಿ. ಪಾಯಿಂಟ್, ಡಿಸ್ಟ್ರಿಬ್ಯೂಟರ್ ಎಲ್ಲ ಇದೇ ಮನೆತನದವು. ಇವತ್ತಿನ ಕಾರಿನಲ್ಲಿ ಪಾಯಿಂಟ್ ಜಾಗದಲ್ಲಿ ಟ್ರಾನ್ಸಿಸ್ಟರ್ ಬಂದಿದೆ, ಒಳಗಿನ ಭೌತಶಾಸ್ತ್ರ ಬದಲಾಗಿಲ್ಲ. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ 1910ರ ಮಾಡೆಲ್ ಕಾರುಗಳಿಗೆ ಸಾವಿರಾರು ಸೆಟ್‌ಗಳಿಗೆ ಆರ್ಡರ್ ಕೊಟ್ಟರು.

ಹ್ಯಾಂಡಲ್ ಏಟು

ಕಿಡಿಯೇನೋ ಬಂತು. ಇಂಜಿನ್ ತಿರುಗಿಸೋದು ಮಾತ್ರ ಇನ್ನೂ ಮನುಷ್ಯನ ತೋಳಿನ ಕೆಲಸವೇ ಆಗಿತ್ತು. ಮುಂದೆ ನಿಂತು ಹ್ಯಾಂಡಲ್ ಹೊಡೀಬೇಕು. ಕಿಡಿ ಸ್ವಲ್ಪ ಬೇಗ ಬಂತೋ, ಇಂಜಿನ್ ಹಿಮ್ಮುಖವಾಗಿ ಒದ್ದು ಹ್ಯಾಂಡಲ್ ಮಣಿಕಟ್ಟು ಮುರೀತಿತ್ತು. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತಿ ಹಿಡೀಬಾರದು ಅನ್ನೋ ಹಳೇ ಡ್ರೈವರ್‌ಗಳ ಬುದ್ಧಿಮಾತು ಅಲ್ಲಿಂದ ಬಂದದ್ದು. ಲೆಲ್ಯಾಂಡ್ ಅವರ ಗೆಳೆಯ, ಕಾರು ತಯಾರಕ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡರು. ದಾರಿಯಲ್ಲಿ ನಿಂತ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ತಿಂದ ಏಟೇ ಅವರ ಸಾವಿಗೆ ಕಾರಣ ಅನ್ನೋ ಕತೆ ಡೆಟ್ರಾಯ್ಟ್ ಕಡೆ ಇವತ್ತಿಗೂ ಹೇಳ್ತಾರೆ. ಲೆಲ್ಯಾಂಡ್ ಈ ಹ್ಯಾಂಡಲ್‌ಗೆ ಕೊನೆ ಹಾಡಬೇಕು ಅಂತ ಪಟ್ಟು ಹಿಡಿದರು.

ವಿದ್ಯುತ್ ಮೋಟರ್‌ನಿಂದ ಇಂಜಿನ್ ತಿರುಗಿಸೋಣ ಅಂತ ಯೋಚಿಸಿದವರು ಮೊದಲೂ ಇದ್ದರು. ಲೆಕ್ಕ ಹಾಕಿದರೆ ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡ ಮೋಟರ್, ದೊಡ್ಡ ಬ್ಯಾಟರಿ ಬೇಕಾಗ್ತಿತ್ತು. ದಿನವಿಡೀ ದುಡಿಯೋ ಮೋಟರ್ ಅಂತ ಲೆಕ್ಕ ಹಾಕಿದ್ದೇ ಅದಕ್ಕೆ ಕಾರಣ. ಕೆಟರಿಂಗ್ ಗಲ್ಲಾಪೆಟ್ಟಿಗೆಯ ಲೆಕ್ಕ ಹಾಕಿದರು. ಸೆಲ್ಫ್ ದುಡಿಯೋದು ಕೆಲವೇ ಸೆಕೆಂಡು. ಪುಟ್ಟ ಮೋಟರ್‌ಗೆ ಅಷ್ಟು ಹೊತ್ತು ಮಿತಿಮೀರಿದ ಕರೆಂಟ್ ಕೊಟ್ಟರೆ ತಪ್ಪೇನು? ಇಂಜಿನ್ ಹಿಡಿದ ಮೇಲೆ ಅದೇ ಯಂತ್ರ ಡೈನಮೋ ಆಗಿ ಬ್ಯಾಟರಿ ಚಾರ್ಜ್ ಮಾಡಲಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಭಾಗಗಳು ಸರಣಿಯಲ್ಲಿ ಸೇರಿ 24 ವೋಲ್ಟ್, ಚಾರ್ಜ್ ಆಗುವಾಗ ಸಮಾನಾಂತರವಾಗಿ 6 ವೋಲ್ಟ್. 1911ರ ಫೆಬ್ರವರಿಯಲ್ಲಿ ಲೆಲ್ಯಾಂಡ್ ಮುಂದೆ ಪ್ರದರ್ಶನವಾಯಿತು. 1912ರ ಮಾಡೆಲ್ ಕ್ಯಾಡಿಲಾಕ್‌ನಲ್ಲಿ ಸೆಲ್ಫ್, ಲೈಟು, ಇಗ್ನಿಷನ್ ಮೂರೂ ಒಂದೇ ವ್ಯವಸ್ಥೆಯಾಗಿ ಬಂದವು. ಆ ಕಾರಿಗೆ ಲಂಡನ್ನಿನ ಡ್ಯೂವಾರ್ ಟ್ರೋಫಿಯೂ ಸಿಕ್ಕಿತು.

ಒಂದು ತಮಾಷೆ ನೋಡಿ. ಆಗ ಎಲೆಕ್ಟ್ರಿಕ್ ಕಾರುಗಳು ಓಡಾಡ್ತಿದ್ದವು. ಹ್ಯಾಂಡಲ್ ಹೊಡೆಯೋ ಗೋಳಿಲ್ಲ ಅನ್ನೋದೇ ಅವುಗಳ ದೊಡ್ಡ ಅನುಕೂಲ. ಪೆಟ್ರೋಲ್ ಕಾರಿಗೆ ಸೆಲ್ಫ್ ಬಂದ ಮೇಲೆ ಆ ಅನುಕೂಲ ಮಾಯ. ಎಲೆಕ್ಟ್ರಿಕ್ ಕಾರನ್ನು ಮೂಲೆಗೆ ತಳ್ಳಿದ್ದರಲ್ಲಿ ಒಂದು ಎಲೆಕ್ಟ್ರಿಕ್ ಮೋಟರ್ ಪಾಲೂ ಇದೆ!

ಒಂದೇ ಬ್ಯಾಟರಿ, ಇಬ್ಬರು ಗಿರಾಕಿಗಳು

ಸೆಲ್ಫ್ ತಿರುಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ ಅನ್ನೋ ಕಾಯಿಲೆಯ ಒಂದು ಬೇರು ಕೆಟರಿಂಗ್ ಮಾಡಿದ ಈ ಜೋಡಣೆಯಲ್ಲೇ ಇದೆ. ಬ್ಯಾಟರಿ ಸುಸ್ತಾಗಿದ್ದಾಗ ಸೆಲ್ಫ್ ನೂರಾರು ಆಂಪಿಯರ್ ಎಳೆದು ವೋಲ್ಟೇಜ್ ಕೆಳಗೆ ಬೀಳಿಸುತ್ತೆ. ಉಳಿದ ವೋಲ್ಟೇಜ್‌ನಲ್ಲಿ ಕಾಯಿಲ್‌ಗೆ ಬಲವಾದ ಕಿಡಿ ಹುಟ್ಟಿಸೋಕೆ ಆಗಲ್ಲ. ಹೊರಗಿಂದ ನೋಡಿದವರಿಗೆ ಸೆಲ್ಫ್ ತಿರುಗ್ತಾ ಇದೆ, ಬ್ಯಾಟರಿ ಚೆನ್ನಾಗಿದೆ ಅನ್ನಿಸುತ್ತೆ. ಅದಕ್ಕೇ ಅನುಭವಿ ಮೆಕ್ಯಾನಿಕ್ ಮೊದಲು ಸೆಲ್ಫ್ ತಿರುಗೋ ವೇಗವನ್ನು ಕಿವಿಗೊಟ್ಟು ಕೇಳ್ತಾರೆ. ಎಳೆದೆಳೆದು ತಿರುಗಿದರೆ ಬ್ಯಾಟರಿ, ಟರ್ಮಿನಲ್ ಮೇಲಿನ ಪುಡಿ, ಸಡಿಲ ಅರ್ಥ್ ತಂತಿ ನೋಡಬೇಕು. ಮಾಮೂಲಿಗಿಂತ ಹಗುರವಾಗಿ ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದು ಕಂಪ್ರೆಷನ್ನೇ ಇಲ್ಲದಿರಬಹುದು.

ವೇಗ ಸರಿಯಿದ್ದರೆ ಎರಡನೇ ಪ್ರಶ್ನೆ: ಕಿಡಿ ಇದೆಯಾ? ಹಳೇ ಗಾಡಿಯಲ್ಲಿ ಪ್ಲಗ್ ಬಿಚ್ಚಿ, ತಂತಿಗೆ ಸಿಕ್ಕಿಸಿ, ಇಂಜಿನ್ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆದು ನೋಡ್ತಾರೆ. ಸುತ್ತ ಪೆಟ್ರೋಲ್ ಆವಿ ಇರಬಾರದು, ತಂತಿಯನ್ನು ಬರಿಗೈಯಲ್ಲಿ ಹಿಡೀಬಾರದು. ಹೊಸ ಕಾರುಗಳಲ್ಲಿ ಹಾಗೆ ಮಾಡಿದರೆ ಎಲೆಕ್ಟ್ರಾನಿಕ್ಸ್ ಸುಡೋ ಭಯ, ಅದಕ್ಕೆ ಸ್ಪಾರ್ಕ್ ಟೆಸ್ಟರ್ ಬೇಕು. ಮೂರನೇ ಪ್ರಶ್ನೆ: ಪೆಟ್ರೋಲ್ ಬರ್ತಿದೆಯಾ? ಬಿಚ್ಚಿದ ಪ್ಲಗ್ ಒಣಗಿದ್ದರೆ ಪಂಪು, ಫಿಲ್ಟರ್, ಕಾರ್ಬ್ಯುರೇಟರ್ ಕಡೆ ಹೋಗಬೇಕು. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬಂದಿದೆ, ಹೊತ್ತಿಲ್ಲ ಅಂತ. ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕ್ ಕಡೆಯಿಂದ ಪಂಪಿನ ಗುಂಯ್ ಸದ್ದು ಒಂದೆರಡು ಸೆಕೆಂಡು ಕೇಳಬೇಕು. ಜೊತೆಗೆ ಇಮ್ಮೊಬಿಲೈಸರ್ ದೀಪ, ಕ್ರ್ಯಾಂಕ್ ಸೆನ್ಸರ್ ನೋಡಬೇಕು. ಊಹೆಯ ಮೇಲೆ ಪಾರ್ಟ್ ಬದಲಾಯಿಸೋ ಬದಲು ಒಂದೊಂದು ಪ್ರಶ್ನೆಗೂ ಇಂಜಿನ್ನಿಂದಲೇ ಉತ್ತರ ಪಡೆಯೋ ಈ ಕ್ರಮ ಕೆಟರಿಂಗ್ ಬದುಕಿನುದ್ದಕ್ಕೂ ಕಾಣುತ್ತೆ. ಅದರ ದೊಡ್ಡ ಪರೀಕ್ಷೆ ಬಂದದ್ದು ಅವರದೇ ಇಗ್ನಿಷನ್ ಮೇಲೆ ಆರೋಪ ಬಿದ್ದಾಗ.

ಟಕ ಟಕ ಸದ್ದಿನ ಆರೋಪಿ ಯಾರು?

ಕ್ಯಾಡಿಲಾಕ್ ಇಂಜಿನ್‌ಗಳು ಏರುದಾರಿಯಲ್ಲಿ ಟಕ ಟಕ ಅಂತ ಬಡಿಯೋಕೆ ಶುರುವಾದವು. ಅದೇ ನಾಕಿಂಗ್. ಹೊಸದಾಗಿ ಬಂದದ್ದು ಬ್ಯಾಟರಿ ಇಗ್ನಿಷನ್, ಹಾಗಾಗಿ ತಪ್ಪು ಅದರದ್ದೇ ಅಂತ ಎಲ್ಲರೂ ಬೊಟ್ಟು ಮಾಡಿದರು. ಕೆಟರಿಂಗ್ ಒಪ್ಪಲಿಲ್ಲ. ಹಾಗಂತ ವಾದಕ್ಕೂ ಕೂರಲಿಲ್ಲ. 1916ರಲ್ಲಿ ತಮ್ಮಲ್ಲಿ ಕೆಲಸಕ್ಕೆ ಸೇರಿದ ಥಾಮಸ್ ಮಿಡ್ಜ್‌ಲಿ ಎಂಬ ಯುವಕನಿಗೆ ಈ ಸಮಸ್ಯೆ ಒಪ್ಪಿಸಿದರು. ಸಿಲಿಂಡರ್ ಒಳಗಿನ ಒತ್ತಡವನ್ನು ಅಳೆದು ನೋಡಿದಾಗ, ಕಿಡಿ ಹಾರಿ ಉರಿ ಶುರುವಾದ ಮೇಲೆ, ಕೊನೆಗೆ ಉಳಿದ ಮಿಶ್ರಣ ಒಮ್ಮೆಲೇ ಸಿಡಿದು ಒತ್ತಡ ಜಿಗಿಯುತ್ತಿತ್ತು. ಅಂದರೆ ತಪ್ಪು ಕಿಡಿಯದ್ದಲ್ಲ, ಇಂಧನದ್ದು. ನಿರ್ಣಯ ಸರಿಯಾಗಿತ್ತು.

ಇನ್ನು ಮದ್ದು ಹುಡುಕಬೇಕು. ಅಯೋಡಿನ್ ಸ್ವಲ್ಪ ಕೆಲಸ ಮಾಡಿತು. ಅನಿಲೀನ್ ಇನ್ನಷ್ಟು. ಟೆಲ್ಲೂರಿಯಂ ಚೆನ್ನಾಗಿ ಕೆಲಸ ಮಾಡಿತು, ಆದರೆ ಬೆಳ್ಳುಳ್ಳಿಯಂಥ ಅದರ ನಾತ ಮೈ, ಬಟ್ಟೆ ಬಿಟ್ಟು ಹೋಗ್ತಿರಲಿಲ್ಲ. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಹಾಕಿ ನೋಡಿದರು. ಗ್ಯಾಲನ್‌ಗೆ ಕೆಲವೇ ಗ್ರಾಂ ಬಿದ್ದರೆ ಸಾಕು, ಬಡಿತ ನಿಂತುಹೋಗ್ತಿತ್ತು. ಆಲ್ಕೊಹಾಲ್ ಬೆರೆಸಿದರೂ ನಾಕಿಂಗ್ ಕಡಿಮೆಯಾಗುತ್ತೆ ಅನ್ನೋದು ಇದೇ ಪ್ರಯೋಗಾಲಯಕ್ಕೆ ಗೊತ್ತಿತ್ತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಬೇಕಿತ್ತು. ಸೀಸದ ಸಂಯುಕ್ತ ಚಿಟಿಕೆಯಷ್ಟು ಸಾಕಿತ್ತು, ಅಗ್ಗವಾಗಿತ್ತು, ಪೇಟೆಂಟ್ ಲಾಭವೂ ಇತ್ತು.

1923ರ ಫೆಬ್ರವರಿಯಲ್ಲಿ ಡೇಟನ್‌ನ ಒಂದು ಬಂಕ್‌ನಲ್ಲಿ ಮಾರಾಟ ಶುರುವಾಯಿತು. ಹೆಸರು ‘ಈಥೈಲ್’. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. ಸೀಸ ವಿಷ ಅನ್ನೋದು ವೈದ್ಯರಿಗೆ ಮೊದಲಿಂದ ಗೊತ್ತಿದ್ದ ವಿಷಯ. ಮಿಡ್ಜ್‌ಲಿಯೇ ಅದೇ ವರ್ಷ ಸೀಸದ ವಿಷದಿಂದ ಹಾಸಿಗೆ ಹಿಡಿದು ಚೇತರಿಸಿಕೊಳ್ಳಲು ರಜೆ ಹಾಕಬೇಕಾಯಿತು. 1924ರಲ್ಲಿ ಈಥೈಲ್ ಕಂಪನಿ ಶುರುವಾದಾಗ ಅದರ ಮೊದಲ ಅಧ್ಯಕ್ಷ ಕೆಟರಿಂಗ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಚಿತ್ತಭ್ರಮೆಗೊಳಗಾಗಿ ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು. ಮಾರಾಟ ನಿಂತಿತು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಭೆಯಲ್ಲಿ ಕೆಟರಿಂಗ್ ಈಥೈಲ್ ಪರ ಮಾತಾಡಿದರು. ಕಾರ್ಖಾನೆ ಕೆಲಸಗಾರರ ಕಾಯಿಲೆಗಳನ್ನು ಅಧ್ಯಯನ ಮಾಡಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ವಿರೋಧಿಸಿದರು. ಮರುವರ್ಷ ಸರ್ಕಾರದ ಸಮಿತಿ ನಿಷೇಧಕ್ಕೆ ಸಾಕಷ್ಟು ಆಧಾರ ಕಾಣಲಿಲ್ಲ ಅಂದಿತು. ಮಾರಾಟ ಮತ್ತೆ ಶುರು. ಅಲ್ಲಿಂದ ಹಲವು ದಶಕ ಜಗತ್ತಿನ ಕಾರುಗಳ ಹೊಗೆಯಲ್ಲಿ ಸೀಸ ಹೊರಬಿತ್ತು. ಆ ಗಾಳಿಯನ್ನು ಉಸಿರಾಡಿದ ಮಕ್ಕಳ ಮಿದುಳಿಗೆ ಅದರಿಂದ ಪೆಟ್ಟು ಬೀಳುತ್ತೆ ಅನ್ನೋದು ಆಮೇಲೆ ಸ್ಪಷ್ಟವಾಯಿತು. ಭಾರತದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿ 1ರಿಂದ. ಕೊನೆಯ ದೇಶ ಅಲ್ಜೀರಿಯಾ, 2021ರಲ್ಲಿ ನಿಲ್ಲಿಸಿತು.

ಇಂಜಿನ್ ಯಾಕೆ ಬಡೀತಿದೆ ಅನ್ನೋ ಪ್ರಶ್ನೆಗೆ ಕೆಟರಿಂಗ್ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಹುಡುಕಿದರು. ಸೈಲೆನ್ಸರ್‌ನಿಂದ ಹೊರಬಂದ ಸೀಸ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆಗೆ ಆ ತಾಳ್ಮೆ ಸಿಗಲಿಲ್ಲ. ಅವರನ್ನು ಮೆಚ್ಚುವಾಗ ಇದನ್ನು ಬಿಟ್ಟು ಹೇಳಿದರೆ ಅರ್ಧ ಕತೆ ಹೇಳಿದಂತೆ.

ಸೋಲು, ಡೀಸೆಲ್, ಕೊನೆಯ ದಿನಗಳು

1920ರಿಂದ 1947ರವರೆಗೆ ಕೆಟರಿಂಗ್ ಜನರಲ್ ಮೋಟರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಅಲ್ಲಿ ದೊಡ್ಡ ಸೋಲನ್ನೂ ಕಂಡರು. ರೇಡಿಯೇಟರ್ ನೀರಿನ ಬದಲು ತಾಮ್ರದ ರೆಕ್ಕೆಗಳಿಗೆ ಗಾಳಿ ಬೀಸಿ ತಣ್ಣಗಾಗಿಸುವ ಶೆವ್ರೊಲೆ ಇಂಜಿನ್ ಅವರ ಕನಸು. 1923ರಲ್ಲಿ 759 ಕಾರು ತಯಾರಾದವು. ತೊಂದರೆ ಮೇಲೆ ತೊಂದರೆ ಬಂದು, ಮಾರಿದ್ದ ಕಾರುಗಳನ್ನೆಲ್ಲ ಕಂಪನಿ ವಾಪಸ್ ಕರೆಯಿತು. ಕೆಟರಿಂಗ್ ರಾಜೀನಾಮೆಗೆ ಮುಂದಾದರು. ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಹೋಗಗೊಡಲಿಲ್ಲ. ಅವರ ಕೈಕೆಳಗೆ ಮಿಡ್ಜ್‌ಲಿ ತಂಡ 1928ರ ಹೊತ್ತಿಗೆ ಫ್ರಿಜ್‌ಗಾಗಿ ಫ್ರಿಯಾನ್ ಅನಿಲ ಕಂಡುಹಿಡಿಯಿತು. ಅದು ಓಜೋನ್ ಪದರವನ್ನು ತಿನ್ನುತ್ತೆ ಅಂತ ಗೊತ್ತಾಗುವ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ.

ಗೆದ್ದದ್ದು ಡೀಸೆಲ್. 1930ರ ದಶಕದಲ್ಲಿ ಕೆಟರಿಂಗ್ ತಂಡ ಹಗುರವಾದ ಎರಡು-ಸ್ಟ್ರೋಕ್ ಡೀಸೆಲ್ ಇಂಜಿನ್ ಮಾಡಿ ರೈಲಿಗೆ ಕೂರಿಸಿತು. 1934ರ ಬರ್ಲಿಂಗ್ಟನ್ ಜೆಫಿರ್ ರೈಲು ಅದರಿಂದಲೇ ಓಡಿತು. ಮಗ ಯುಜೀನ್ ಅದೇ ಹಾದಿಯಲ್ಲಿ ಮುಂದುವರಿದು ಇ.ಎಂ.ಡಿ. ಕಂಪನಿಯ 567 ಇಂಜಿನ್ ವಿನ್ಯಾಸದ ಮುಂದಾಳು ಆದರು. ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್‌ನ ಡಬ್ಲ್ಯೂ.ಡಿ.ಜಿ.-4 ಲೋಕೊಗಳಲ್ಲಿರುವ 710 ಇಂಜಿನ್ ಅದರದೇ ವಂಶದ್ದು. ಗೂಡ್ಸ್ ರೈಲು ಎಳೆಯುವ ಆ ಗಡಸು ಸದ್ದು ಕೇಳಿದವರಿಗೆ ಗೊತ್ತಿರುತ್ತೆ. ಇನ್ನೊಂದು ಕಡೆ, ಕೆಟರಿಂಗ್ ಬದುಕಿದ್ದಾಗಲೇ, 1951ರಲ್ಲಿ, ಅವರ ಹಳೇ ಎದುರಾಳಿ ಬಾಷ್ ಕಂಪನಿಯ ತಂತ್ರಜ್ಞಾನದೊಂದಿಗೆ ಬೆಂಗಳೂರಿನಲ್ಲಿ ಮೈಕೊ ಶುರುವಾಯಿತು. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳಿಗೆ ಮೈಕೊ ಅನ್ನೋದೇ ಮೆಕ್ಯಾನಿಕ್‌ಗಳ ಬಾಯಲ್ಲಿ ಉಳಿದ ಹೆಸರು.

1945ರಲ್ಲಿ ಸ್ಲೋನ್ ಮತ್ತು ಕೆಟರಿಂಗ್ ಹೆಸರಿನಲ್ಲಿ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶುರುವಾಯಿತು. ಮರುವರ್ಷವೇ ಪತ್ನಿ ಆಲಿವ್ ಕ್ಯಾನ್ಸರ್‌ನಿಂದ ತೀರಿಕೊಂಡರು. 180ಕ್ಕೂ ಹೆಚ್ಚು ಪೇಟೆಂಟ್‌ಗಳ ಒಡೆಯರಾಗಿದ್ದ ಕೆಟರಿಂಗ್ 1958ರ ನವೆಂಬರ್ 25ರಂದು ಡೇಟನ್‌ನಲ್ಲಿ ಕೊನೆಯುಸಿರೆಳೆದರು. ಫ್ಲಿಂಟ್ ನಗರದ ಒಂದು ಇಂಜಿನಿಯರಿಂಗ್ ಕಾಲೇಜಿಗೆ 1998ರಿಂದ ಅವರದೇ ಹೆಸರು.

ಇವತ್ತು ನಮ್ಮ ಬಂಕ್‌ಗಳಲ್ಲಿ ಸಿಗೋದು ಇ20, ಅಂದರೆ 20ರಷ್ಟು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಕೆಟರಿಂಗ್ ಲ್ಯಾಬ್ ಗೊತ್ತಿದ್ದೂ ಬಿಟ್ಟುಹೋದ ಆಲ್ಕೊಹಾಲ್ ದಾರಿಗೆ ನೂರು ವರ್ಷದ ಮೇಲೆ ವಾಪಸ್ ಬಂದಿದ್ದೇವೆ. ಇದಕ್ಕೂ ತನ್ನದೇ ಪ್ರಶ್ನೆಗಳಿವೆ: ಹಳೇ ಗಾಡಿಯ ರಬ್ಬರ್ ಪೈಪು ತಡೆಯುತ್ತಾ, ಮೈಲೇಜ್ ಎಷ್ಟು ಬೀಳುತ್ತೆ, ಕಬ್ಬಿಗೆ ಬೇಕಾದ ನೀರು ಎಲ್ಲಿಂದ ಬರುತ್ತೆ. ನಮ್ಮಂಥ ಬರದ ಸೀಮೆಯವರು ಕೊನೆಯ ಪ್ರಶ್ನೆಯನ್ನು ಸ್ವಲ್ಪ ಗಟ್ಟಿಯಾಗೇ ಕೇಳಬೇಕು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರು ಇದ್ದರೆ, ಇಲ್ಲಿ ಬೇಕಾದಷ್ಟಿದೆ.